ಐದು ವರ್ಷ ತುಂಬಿದರೆ ಮಗು ತಾನಾಗಿಯೇ ತಂದೆಗೆ ಸೇರುತ್ತದೆಯೇ?

‘ಅಪ್ಪ-ಅಮ್ಮ ಬೇರೆಯಾದರೆ, ಐದು ವರ್ಷ ತುಂಬಿದ ಮಗು ಕಾನೂನಿನ ಪ್ರಕಾರ ತಂದೆಯದ್ದು’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದನ್ನು ನಂಬಿ ಮಗುವಿನ ಹುಟ್ಟುಹಬ್ಬಕ್ಕೇ ಹೆದರುವ ತಾಯಂದಿರಿದ್ದಾರೆ. ನಿಜ ಏನೆಂದು ನೋಡೋಣ.

ಕಾನೂನು ಏನು ಹೇಳುತ್ತದೆ?
1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಐದು ತುಂಬಿದ ಕೂಡಲೇ ತಂದೆಗೆ ಒಪ್ಪಿಸಬೇಕು ಎಂದು ಅದರಲ್ಲಿಲ್ಲ. 13ನೇ ಕಲಂ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದು.

ಇಬ್ಬರಿಗೂ ಸಿಗಬಹುದೇ?
ಸಿಗಬಹುದು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಬಾಲಕ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ ಎಂದಿತು. ಶನಿವಾರ, ಭಾನುವಾರ ಇನ್ನೊಬ್ಬರು ಭೇಟಿಯಾಗಬಹುದು; ಓದಿನ ಖರ್ಚು ಸಮಪಾಲು. ಆದರೆ ಇದು ಎಲ್ಲರಿಗೂ ಒಂದೇ ಅಳತೆಯಲ್ಲ.

ಎಲ್ಲಿಗೆ ಹೋಗಬೇಕು?
1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಮಗು ಅಂಬಿಕಾನಗರದಲ್ಲಿ ಬೆಳೆಯುತ್ತಿದ್ದರೆ, ಬೆಂಗಳೂರಿನಲ್ಲಿರುವ ತಂದೆಯೂ ಉತ್ತರ ಕನ್ನಡ ಜಿಲ್ಲೆಗೇ ಬರಬೇಕು. ಮಹಿಳೆಯರಿಗೆ, ಮಕ್ಕಳಿಗೆ ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ.

ನಮ್ಮ ತೀರ್ಮಾನ: ಈ ಮಾತು ತಪ್ಪು. ನ್ಯಾಯಾಲಯ ನೋಡುವುದು ಮಗುವಿನ ವಯಸ್ಸೊಂದನ್ನೇ ಅಲ್ಲ, ಅದರ ಬದುಕನ್ನು. ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.