ಹೊನ್ನಮ್ಮ ಬರೆದ ಧರ್ಮ, ಸಂಕಮ್ಮ ಕೊಡದ ಭಾಷೆ



ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿದ ವರ್ಷಗಳಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳು ಅಸಂಖ್ಯ. ಬಹುಪಾಲನ್ನು ಅಂದೇ ಉತ್ತರಿಸಿದ್ದೇನೆ. ಒಂದು ಮಾತ್ರ ಸಾಲದಂತೆ ಉಳಿದುಬಿಟ್ಟಿದೆ. ಅದನ್ನು ಇಂದು ತೀರಿಸಲು ಯತ್ನಿಸುತ್ತೇನೆ.

ಹತ್ತನೆಯ ತರಗತಿಯಲ್ಲಿ ಸಂಚಿಯ ಹೊನ್ನಮ್ಮನ ಪದ್ಯಗಳನ್ನು ವಿವರಿಸುತ್ತಿದ್ದೆ. ಹೆಣ್ಣೆಂದು ಹಳಿಯುವವರನ್ನು ಆಕೆ ಕಣ್ಣಿಲ್ಲದ ಮೂಢರೆಂದು ಕರೆದು, ಅವರನ್ನು ಹೆತ್ತವಳೂ ಸಾಕಿದವಳೂ ಹೆಣ್ಣೇ ಅಲ್ಲವೇ ಎಂದು ಕೇಳುವ ಭಾಗ. ನಾನೂ ಆವೇಶದಿಂದಲೇ ಪಾಠ ಮಾಡಿದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾ, ಇಷ್ಟೆಲ್ಲ ಕೇಳ್ದೋಳು ಗಂಡುಂಗೆ ಯಾಕೆ ಧರ್ಮ ಬರೀಲಿಲ್ಲ?"

ತರಗತಿ ನಕ್ಕಿತು. "ಪರೀಕ್ಷೆಗೆ ಅದು ಬರುವುದಿಲ್ಲ, ಕೂತ್ಕೊಳಮ್ಮ" ಎಂದೆ. ಆ ಬೇಸಗೆಯಲ್ಲೇ ಅವಳ ಮದುವೆಯಾಯಿತೆಂದು ಆಮೇಲೆ ತಿಳಿಯಿತು.

ಮೊದಲು ಹೊನ್ನಮ್ಮನ ವಿಚಾರ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, ಯಳಂದೂರಿನ ಮನೆತನದಿಂದ ಬಂದ ರಾಣಿ ದೇವಾಜಮ್ಮಣ್ಣಿಯವರ ಸೇವೆಯಲ್ಲಿದ್ದವಳು ಆಕೆ. ಸಂಚಿ ಎಂದರೆ ಎಲೆ ಅಡಿಕೆಯ ಚೀಲ. ಅದನ್ನು ಹಿಡಿದು ರಾಣಿಯ ಬಳಿ ನಿಲ್ಲುವುದು ಆಕೆಯ ಊಳಿಗ. ಊಳಿಗದ ಹೆಸರೇ ಕವಿಯ ಹೆಸರಿಗೆ ಅಂಟಿಕೊಂಡಿತು. ಆಸ್ಥಾನದ ವಿದ್ವಾಂಸ ಅಳಸಿಂಗರಾರ್ಯರು ಆಕೆಯ ಗುರು. ಆಕೆ ಬರೆದ 'ಹದಿಬದೆಯ ಧರ್ಮ' ಸಾಂಗತ್ಯದಲ್ಲಿದೆ. ಸಾಂಗತ್ಯ ಹಾಡಿಕೊಳ್ಳಲು ಹೇಳಿ ಮಾಡಿಸಿದ ಛಂದಸ್ಸು; ಕುಟ್ಟುವಾಗ ಬೀಸುವಾಗಲೂ ಬಾಯಲ್ಲಿ ನಿಲ್ಲುವಂಥದ್ದು. ಹದಿಬದೆ ಎಂದರೆ ಪತಿವ್ರತೆ. ಹೆಸರೇ ಹೇಳುವಂತೆ ಗ್ರಂಥದ ಬಹುಭಾಗ ಹೆಂಡತಿಯಾದವಳು ಹೇಗಿರಬೇಕೆಂಬುದನ್ನು ಹೇಳುತ್ತದೆ. ಗಂಡನ ಮನಸ್ಸನ್ನರಿತು ನಡೆಯುವುದು, ಅತ್ತೆ ಮಾವಂದಿರ ಸೇವೆ, ಮಿತಭಾಷೆ, ತಾಳ್ಮೆ. ಅದರ ನಡುವೆಯೇ ಆ ಸಿಡಿಲಿನಂಥ ಪ್ರಶ್ನೆಯೂ ಇದೆ.

ಹಾಗಾದರೆ ಆಕೆ ಗಂಡಿಗೇಕೆ ಧರ್ಮ ಬರೆಯಲಿಲ್ಲ? ನನಗೆ ತೋಚುವುದಿಷ್ಟು. ಅರಮನೆಯಲ್ಲಿ ಊಳಿಗದ ಹೆಣ್ಣೊಬ್ಬಳು ಗ್ರಂಥ ಬರೆಯಲು ಒಪ್ಪಿಗೆ ಸಿಗುವ ವಸ್ತು ಪತಿವ್ರತಾ ಧರ್ಮವೇ ಆಗಿತ್ತು. ಆಕೆ ಆ ಬಾಗಿಲಿನಿಂದಲೇ ಒಳಹೊಕ್ಕಳು. ಒಳಹೊಕ್ಕ ಮೇಲೆ ಗಂಡಸರತ್ತ ತಿರುಗಿ ಕೇಳಬೇಕಾದ್ದನ್ನು ಕೇಳಿದಳು. ವಿಧೇಯತೆಯ ಗ್ರಂಥದಲ್ಲಿ ಅಭಿಮಾನಕ್ಕೊಂದು ಮಣೆ ಹಾಕಿ ಕೂರಿಸಿದಳು. ಅದು ಸಣ್ಣ ಕೆಲಸವಲ್ಲ. ಆದರೆ ಹುಡುಗಿಯ ಪ್ರಶ್ನೆಗೆ ಅದು ಅರ್ಧ ಉತ್ತರವಷ್ಟೇ.

ಇನ್ನರ್ಧ ಹೊಳೆಯಾಚೆ ಇದೆ. ಮಳವಳ್ಳಿಯಿಂದ ಶಿವನಸಮುದ್ರದ ಬಳಿ ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲದ ಸೀಮೆ. ಅದು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದರೆ ಸರ್ಕಾರದ ಗಡಿ ಹಾಡಿಗೆ ಗಡಿಯಾಗಲಿಲ್ಲ. ಮಲೆ ಮಹದೇಶ್ವರನ ಒಕ್ಕಲಿನವರು ನಮ್ಮ ಮೂರು ತಾಲ್ಲೂಕುಗಳಲ್ಲೂ ಇದ್ದಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಬೆಟ್ಟಕ್ಕೆ ನಡೆದು ಹೋಗುವವರನ್ನು ನೀವೆಲ್ಲ ಕಂಡಿದ್ದೀರಿ. ಅಂಥ ಹಬ್ಬದ ರಾತ್ರಿಗಳಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಾವ್ಯ ಹಾಡುವುದನ್ನು ಬಾಲ್ಯದಲ್ಲಿ ಜಗುಲಿಯ ಮೇಲೆ ಕಂಬಳಿ ಹೊದ್ದು ಕೇಳಿದವನು ನಾನು. 1970ರ ದಶಕದಲ್ಲಿ ಡಾ. ಪಿ. ಕೆ. ರಾಜಶೇಖರ ಅವರು ಈ ಮಹಾಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಅದರ ಭಾಗಗಳನ್ನು ಸಾಲು ಎನ್ನುತ್ತಾರೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದುದು ಸಂಕಮ್ಮನ ಸಾಲಿಗೆ.

ಸಂಕಮ್ಮ ಕಾಡಿನ ಸೋಲಿಗರ ಹೆಣ್ಣು, ಗಂಡ ನೀಲೇಗೌಡ. ಮಕ್ಕಳಾಗಿಲ್ಲ. ಜೇನಿಗಾಗಿ ಮಲೆಗೆ ಹೊರಟ ಗಂಡ, ತಾನು ಬರುವವರೆಗೆ ಶೀಲ ಕೆಡಿಸಿಕೊಳ್ಳುವುದಿಲ್ಲವೆಂದು ಕೈಮುಟ್ಟಿ ಭಾಷೆ ಕೊಡು ಎನ್ನುತ್ತಾನೆ. ಆಕೆ ಒಪ್ಪುವುದಿಲ್ಲ. ಗಂಡನ ಮನೆ ಬಿಟ್ಟು ಹೋಗುವುದಿಲ್ಲ, ಅವನ ಮೇಲೆ ಕೇಡೆಣಿಸುವುದಿಲ್ಲ. ಆ ಒಂದು ಭಾಷೆಯನ್ನು ಮಾತ್ರ ಕೊಡುವುದಿಲ್ಲ. ಗಂಡ ಆಕೆಯನ್ನು ಹಿಂಸಿಸಿ, ಮಂತ್ರದಿಂದ ಕಟ್ಟಿಹಾಕಿ ಕಾಡಿಗೆ ಹೋಗುತ್ತಾನೆ. ಆಕೆಯ ಮೊರೆ ಕೇಳಿ ಬಂದ ಮಾದೇಶ್ವರ ಕಟ್ಟು ಬಿಡಿಸಿ ಸಂತಾನದ ವರ ಕೊಡುತ್ತಾನೆ. ಆಕೆಯ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾಗುತ್ತವೆ; ಆದರೆ ಭಾಷೆ ಕೇಳುವ ಗಂಡ, ಕೊಡದ ಹೆಂಡತಿ, ಹೆಂಡತಿಯ ಪಕ್ಷಕ್ಕೆ ನಿಲ್ಲುವ ದೇವರು, ಈ ಮೂರು ಬದಲಾಗುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಸಂಕಮ್ಮ ತಪ್ಪು ಮಾಡುವ ಮನಸ್ಸಿನಿಂದ ಭಾಷೆ ನಿರಾಕರಿಸಲಿಲ್ಲ. ಭಾಷೆ ಕೊಟ್ಟಿದ್ದರೆ ಆಕೆಗೆ ಯಾವ ಕಷ್ಟವೂ ಇರಲಿಲ್ಲ. ಕೊಟ್ಟರೆ ಅನುಮಾನವನ್ನು ಒಪ್ಪಿಕೊಂಡಂತಾಗುತ್ತದೆ. ಧಾರೆಯ ದಿನ ಕೊಟ್ಟ ಮಾತು ಸಾಲದೆಂದು ತಾನೇ ಹೇಳಿದಂತಾಗುತ್ತದೆ. ಆಕೆಯ ಮೌನದ ಅರ್ಥ ಇದೇ ಎಂದು ನಾನು ತಿಳಿದಿದ್ದೇನೆ. ಗಂಡಿನ ಧರ್ಮವನ್ನು ಹೊನ್ನಮ್ಮ ಬರೆಯಲಿಲ್ಲ. ನೀಲೇಗೌಡನ ಅಧರ್ಮವನ್ನು ಊರ ನಡುವೆ ಹಾಡಿ ತೋರಿಸಿದವರು ನಮ್ಮ ಅಕ್ಷರ ಬಾರದ ಹಾಡುಗಾರರು.

ಇಂಗ್ಲಿಷ್ ಓದಿದವರು 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನು ಬಲ್ಲಿರಿ. ತಂದೆಯ ಆಸ್ತಿ ದಾಯಾದಿಯ ಪಾಲಾಗುವುದೆಂದು ತಿಳಿದೂ ಎಲಿಜಬೆತ್ ಆ ದಾಯಾದಿಯನ್ನೇ ವರಿಸಲು ಒಪ್ಪುವುದಿಲ್ಲ. ಶ್ರೀಮಂತ ಡಾರ್ಸಿ ಬಿಂಕದಿಂದ ಕೇಳಿದಾಗಲೂ ಮೊದಲ ಸಲ ಬೇಡವೆನ್ನುತ್ತಾಳೆ. ಮೆಚ್ಚಬೇಕಾದ ಹೆಣ್ಣೇ ಸರಿ. ಆದರೆ ಅವಳು ಬೇಡವೆಂದದ್ದು ಮದುವೆಗೆ ಮೊದಲು. ಸಂಕಮ್ಮ ಬೇಡವೆಂದದ್ದು ಮದುವೆಯ ಒಳಗೆ, ಗಂಡನ ಎದುರು ನಿಂತು, ಬೇರೆ ಆಸರೆಯಿಲ್ಲದೆ.

ಈಗ ನಮ್ಮ ಮನೆಯ ಮಾತು. ಬಂಧುಗಳು ಬೇಸರಿಸಬಾರದು. ನನ್ನ ಸೋದರತ್ತೆಯೊಬ್ಬರು ಮದುವೆಯಾದ ಕೆಲವೇ ವರ್ಷಗಳಲ್ಲಿ ತವರಿಗೆ ಮರಳಿ, ಕೊನೆಯವರೆಗೂ ನಮ್ಮ ಹಟ್ಟಿಯಲ್ಲೇ ಇದ್ದರು. ಗಂಡನ ಮನೆಯಲ್ಲಿ ಏನೋ ಅನುಮಾನ ಬಂದು, ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡು ಎಂದರಂತೆ. ಅತ್ತೆ ಆಣೆ ಮಾಡಲಿಲ್ಲ; ಸೀರೆ ಗಂಟು ಕಟ್ಟಿಕೊಂಡು ನಡೆದು ಬಂದರು. "ಆಣೆ ಮಾಡಿದ್ರೆ ಏನಾಯ್ತಿತ್ತು? ಅವಳ ಜಂಬ ಅವಳನ್ನ ಕೆಡಿಸ್ತು" ಎಂದು ಹಿರಿಯರು ಆಡಿಕೊಳ್ಳುತ್ತಿದ್ದರು. ಓದು ಬರಹ ಕಲಿತ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಗಂಡಸಿಗಿದ್ದರೆ ಅಭಿಮಾನ, ಹೆಂಗಸಿಗಿದ್ದರೆ ಜಂಬ. ಒಂದೇ ಗುಣಕ್ಕೆ ನಾವು ಎರಡು ಹೆಸರಿಟ್ಟಿದ್ದೇವೆ.

ಅದೇ ಹಟ್ಟಿಯ ಜಗುಲಿಯಲ್ಲಿ ರಾತ್ರಿಯೆಲ್ಲ ಸಂಕಮ್ಮನ ಸಾಲು ಕೇಳಿ ಗಂಡಸರು ನಿಟ್ಟುಸಿರಿಡುತ್ತಿದ್ದರು, ಹಾಡುಗಾರರಿಗೆ ಅಕ್ಕಿ ಅಳೆಯುತ್ತಿದ್ದರು. ಅತ್ತೆ ಬಾಗಿಲ ಮರೆಯಲ್ಲಿ ಕೂತು ಕೇಳುತ್ತಿದ್ದರು. ಸಂಕಮ್ಮ ನಮ್ಮ ಒಳಮನೆಯಲ್ಲೇ ಇದ್ದಾಳೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ ನನಗೆ ಹೊಳೆಯಿತು. ಆಗ ಕ್ಷಮೆ ಕೇಳಲು ಅವರಿರಲಿಲ್ಲ.

ಆ ಹಿಂದಿನ ಬೆಂಚಿನ ಹುಡುಗಿ ಇದನ್ನು ಓದುವಳೋ ಇಲ್ಲವೋ. ಓದಿದರೆ ಅವಳಿಗೆ ಇಷ್ಟು ಹೇಳಬೇಕು. ತಾಯಿ, ನಿನ್ನ ಪ್ರಶ್ನೆ ಪರೀಕ್ಷೆಗೆ ಬರುವಂಥದ್ದಲ್ಲ, ಬದುಕಿಗೆ ಬರುವಂಥದ್ದಾಗಿತ್ತು. ಅಂದು ನಿನ್ನನ್ನು ಕೂರಿಸಿದ್ದು ನನ್ನ ತಪ್ಪು. ಗಂಡಿನ ಧರ್ಮವನ್ನು ಹೊನ್ನಮ್ಮ ಬರೆಯದಿದ್ದರೆ, ಅದನ್ನು ತರಗತಿಯಲ್ಲಿ ಗಂಡುಮಕ್ಕಳಿಗೆ ಹೇಳಿಕೊಡುವುದು ಮೇಷ್ಟರ ಕೆಲಸವಾಗಿತ್ತು. ನಾನು ಅದನ್ನು ಮಾಡಲಿಲ್ಲ.

ಉಳಿದ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಗಳಲ್ಲಿ ಸಂಕಮ್ಮನ ಸಾಲನ್ನು ಹಾಡಬಲ್ಲ ಹಿರಿಯರಿದ್ದರೆ, ಮಕ್ಕಳನ್ನು, ವಿಶೇಷವಾಗಿ ಗಂಡುಮಕ್ಕಳನ್ನು, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಹಾಡು ಮುಗಿದ ಮೇಲೆ ನೀಲೇಗೌಡ ಮಾಡಿದ್ದು ಸರಿಯೇ ಎಂದು ಅವರನ್ನು ಕೇಳಿ. ಅವರು ಕೊಟ್ಟ ಉತ್ತರವನ್ನು ನನಗೂ ಬರೆದು ತಿಳಿಸಿ.