ಬಡವರ ಮೆಣಸು: ಕೋಲಾರದ ಸಾರಿಗೆ ಖಾರ ಬಂದ ಬಗೆ

ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮುದ್ದೆಯ ಜೊತೆ ಬಡಿಸುವ ಬಸ್ಸಾರನ್ನೋ ಹುರುಳಿ ಸಾರನ್ನೋ ಮೊದಲ ಬಾರಿ ಉಣ್ಣುವ ನೆಂಟರು ಎರಡನೇ ತುತ್ತಿಗೇ ನೀರಿನ ಲೋಟ ಹುಡುಕುತ್ತಾರೆ. ಗಡಿ ದಾಟಿ ರಾಯಲಸೀಮೆಗೆ ಹೋದರೆ ಖಾರ ಇನ್ನೂ ಒಂದು ಮೆಟ್ಟಿಲು ಏರುತ್ತದೆ. ಈ ಖಾರ ಅನಾದಿ ಕಾಲದಿಂದ ಬಂದದ್ದೆಂದೇ ನಮ್ಮೆಲ್ಲರ ಭಾವನೆ. ಆದರೆ ಬುಕ್ಕರಾಯನ ಮಗ ಕುಮಾರ ಕಂಪಣ ಮುಳಬಾಗಿಲಿನಲ್ಲಿದ್ದು ಆಳುತ್ತಿದ್ದ 14ನೇ ಶತಮಾನದಲ್ಲಿ ಈ ನೆಲದಲ್ಲಿ ಒಂದೇ ಒಂದು ಮೆಣಸಿನಕಾಯಿ ಗಿಡವೂ ಇರಲಿಲ್ಲ. ಅವನ ಅಡುಗೆಯವನಿಗೂ ಅದು ಗೊತ್ತಿರಲಿಲ್ಲ, ಅವನ ಕುದುರೆಗೆ ಹುಲ್ಲು ಕೊಯ್ಯುವವನಿಗೂ ಗೊತ್ತಿರಲಿಲ್ಲ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೊ ಕಡೆಯ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿ ಬೆಳೆದಿದ್ದರು. ಭಾರತದ ಕರಿಮೆಣಸನ್ನು ಹುಡುಕಿ ಹೊರಟ ಕೊಲಂಬಸ್ 1492ರಲ್ಲಿ ತಲುಪಿದ್ದು ಬೇರೆ ನೆಲವನ್ನು. ಅಲ್ಲಿನ ಜನ ತಿನ್ನುತ್ತಿದ್ದ ಕೆಂಪು ಕಾಯಿಯನ್ನು ಕಂಡು, ಇದೇ ಇವರ ಮೆಣಸು ಎಂದು ಆತ ಬರೆದುಕೊಂಡ. ಎರಡಕ್ಕೂ ಸಸ್ಯಕುಲದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಒಂದು ಬಳ್ಳಿ, ವೀಳ್ಯದೆಲೆಯ ಸಂಬಂಧಿ. ಇನ್ನೊಂದು ಬದನೆ, ಟೊಮೆಟೊಗಳ ಸಂಬಂಧಿ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅವರ ಹಡಗುಗಳಲ್ಲಿ ಬಂದ ಬೀಜ ನಮ್ಮ ಮಣ್ಣಿಗೆ ಬಿದ್ದದ್ದು ಆ ಬಳಿಕ.

ಅದಕ್ಕೂ ಮುಂಚೆ ನಮ್ಮವರು ಸಪ್ಪೆ ಉಣ್ಣುತ್ತಿದ್ದರೇ? ಖಂಡಿತ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಇಡ್ಲಿ, ದೋಸೆ, ವಡೆಗಳ ಪೂರ್ವಜರು ಸಿಗುತ್ತಾರೆ, ಬಗೆಬಗೆಯ ಮಾಂಸದಡುಗೆಗಳು ಸಿಗುತ್ತವೆ. 16ನೇ ಶತಮಾನದ ಆರಂಭದ ಮಂಗರಸನ 'ಸೂಪಶಾಸ್ತ್ರ' ಕನ್ನಡದಲ್ಲೇ ಪದ್ಯರೂಪದಲ್ಲಿರುವ ಪಾಕಗ್ರಂಥ. ಎರಡರಲ್ಲೂ ಚುರುಕು ಬರುವುದು ಕರಿಮೆಣಸು, ಶುಂಠಿ, ಸಾಸಿವೆ, ಇಂಗುಗಳಿಂದ. ಮೊಗಲರ ಅಡುಗೆ ಎಂದರೆ ಕೆಂಪು ಎಣ್ಣೆ ತೇಲುವ ಖಾರದ ಮಾಂಸ ಎಂದು ಹೋಟೆಲುಗಳ ಬೋರ್ಡು ನೋಡಿ ನಂಬಿದವರು ಅಬುಲ್ ಫಜಲನ 'ಐನ್-ಎ-ಅಕ್ಬರಿ'ಯನ್ನು ತೆರೆಯಬೇಕು. 1590ರ ದಶಕದ ಆ ಗ್ರಂಥ ಅಕ್ಬರನ ಅಡುಗೆಮನೆಯ ಖಾದ್ಯಗಳನ್ನು ಸಾಮಗ್ರಿಗಳ ತೂಕದ ಸಮೇತ ಪಟ್ಟಿ ಮಾಡುತ್ತದೆ. ಏಲಕ್ಕಿ, ಲವಂಗ, ಕೇಸರಿ, ಕರಿಮೆಣಸು ಎಲ್ಲವೂ ಅಲ್ಲಿವೆ. ಮೆಣಸಿನಕಾಯಿ ಇಲ್ಲ. ಪೋರ್ಚುಗೀಸರು ಗೋವಾದಲ್ಲಿ ನೆಲೆಯೂರಿ ಆಗಲೇ 80 ವರ್ಷ ಕಳೆದಿತ್ತು.

ಹಾಗಾದರೆ ಅದು ಯಾರ ಮನೆಗೆ ಮೊದಲು ಹೊಕ್ಕಿತು? ಅರಮನೆಯ ಗ್ರಂಥಗಳಿಗಿಂತ ಇದಕ್ಕೆ ಒಳ್ಳೆಯ ಸಾಕ್ಷಿ ಆ ಕಾಯಿಯ ಹೆಸರು.

ವಿದೇಶದಿಂದ ಬಂದ ವಸ್ತುವಿಗೆ ಕನ್ನಡಿಗರು ಸಾಮಾನ್ಯವಾಗಿ 'ಸೀಮೆ' ಎಂಬ ಮುದ್ರೆ ಒತ್ತುತ್ತಾರೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಮೆಕ್ಸಿಕೊ ಕಡೆಯಿಂದಲೇ ಬಂದ ಇನ್ನೊಂದು ಮರ ಇಂದಿಗೂ ಸೀಮೆಹುಣಸೆಯೇ. ಮೆಣಸಿನಕಾಯಿಗೆ ಮಾತ್ರ ಈ ಮುದ್ರೆ ಬೀಳಲಿಲ್ಲ. ಅದು ಬರೇ ಮೆಣಸಿನ ಕಾಯಿ, ಅಂದರೆ ಕಾಯಿಯ ರೂಪದ ಮೆಣಸು. ಕೋಲಾರದ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ದಖನಿ ಉರ್ದು, ತಮಿಳು ಎಲ್ಲವೂ ಕೇಳಿಬರುತ್ತವೆ. ತೆಲುಗಿನಲ್ಲಿ ಮಿರಿಯಾಲು ಕರಿಮೆಣಸಾದರೆ ಮಿರಪಕಾಯ ಮೆಣಸಿನಕಾಯಿ. ತಮಿಳಿನಲ್ಲಿ ಮಿಳಗು ಮತ್ತು ಮಿಳಗಾಯ್. ದಖನಿಯಲ್ಲಿ ಕಾಲೀ ಮಿರ್ಚ್ ಮತ್ತು ಲಾಲ್ ಮಿರ್ಚ್. ನಾಲ್ಕು ಭಾಷೆಯ ಅಡುಗೆಮನೆಗಳೂ ಒಂದೇ ರೀತಿ ಯೋಚಿಸಿದವು: ಇದು ಹೊಸ ವಸ್ತುವಲ್ಲ, ಮೆಣಸಿನ ಬದಲಿ. ನಮ್ಮ ಕರಾವಳಿಯಲ್ಲಂತೂ ಬಂದ ನೆಂಟನೇ ಮನೆಯೊಡೆಯನಾದ. ಅಲ್ಲಿ ಮೆಣಸು ಎಂದರೆ ಮೆಣಸಿನಕಾಯಿ, ಹಳೆಯ ಮೆಣಸು ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು.

ಬದಲಿ ಬೇಕಾಗುವುದು ಯಾರಿಗೆ? ಮೂಲವಸ್ತು ಕೈಗೆಟುಕದವರಿಗೆ. ಕರಿಮೆಣಸಿನ ಬಳ್ಳಿಗೆ ಸಹ್ಯಾದ್ರಿಯ ಜಡಿಮಳೆ ಬೇಕು, ಮರದ ಆಸರೆ ಬೇಕು, ನೆರಳು ಬೇಕು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮೆಣಸು ಆ ಕಾಲದಲ್ಲಿ ಹಡಗು ತುಂಬಿ ಹೋಗುತ್ತಿದ್ದ ಸಂಪತ್ತು. ಅದು ಘಟ್ಟ ಹತ್ತಿ, ಹೇರಿನ ಎತ್ತುಗಳ ಮೇಲೆ ಸುಂಕದ ಕಟ್ಟೆಗಳನ್ನು ದಾಟಿ ಪೂರ್ವದ ಬಯಲಿಗೆ ಬರುವಷ್ಟರಲ್ಲಿ ಬೆಲೆ ಎಷ್ಟಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕೋಲಾರ ಸೀಮೆಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು. ಇಲ್ಲಿ ಕೆರೆಯ ಹಿಂದಿನ ಗದ್ದೆ ಕೆಲವರದ್ದು, ರಾಗಿ ಹೊಲ ಬಹುಪಾಲು ಜನರದ್ದು. ಅಂಥವರಿಗೆ ಮೆಣಸು ಎಂದರೆ ಸಂತೆಯಲ್ಲಿ ಕೊಳ್ಳಬೇಕಾದ ಔಷಧಿ.

ಮೆಣಸಿನಕಾಯಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ನಾಲ್ಕು ಸಸಿ ನೆಟ್ಟರೆ ಎರಡು ಮೂರು ತಿಂಗಳಲ್ಲೇ ಕಾಯಿ. ಹಸಿಯಾಗಿಯೂ ತಿನ್ನಬಹುದು, ಒಣಗಿಸಿ ವರ್ಷವಿಡೀ ಇಡಬಹುದು. ಅದೇ ಒಣಕಾಯಿ ಒಡೆದರೆ ಮುಂದಿನ ವರ್ಷಕ್ಕೆ ಬೀಜ. ನಡುವೆ ವ್ಯಾಪಾರಿ ಇಲ್ಲ, ಸುಂಕದವನಿಲ್ಲ. ಎಂತಹ ಬಡವನೂ ಒಂದು ಹಿಡಿ ಖಾರಕ್ಕೆ ಯಾರ ಮುಂದೆಯೂ ಕೈಚಾಚಬೇಕಿಲ್ಲ.

ಇದರ ಜೊತೆಗೆ ಮುದ್ದೆಯ ಸಂಗತಿಯನ್ನೂ ಹೇಳಬೇಕು. ತೆಲುಗು ಮಾತಾಡುವವರು ಸಂಗಟಿ ಎನ್ನುವ ಇದನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅದಕ್ಕೆ ಸ್ವಂತ ರುಚಿ ಕಡಿಮೆ, ಅದನ್ನು ಗಂಟಲಿಗೆ ಇಳಿಸುವ ಕೆಲಸ ಸಾರಿನದ್ದು. ತುಪ್ಪ, ಎಣ್ಣೆ, ಕಾಯಿತುರಿ ಸುರಿಯುವ ಅನುಕೂಲವಿಲ್ಲದ ಮನೆಯಲ್ಲಿ ಸಾರಿಗೆ ರುಚಿ ಬರುವುದು ಹೇಗೆ? ಹೊಲದ ಬದುವಿನಲ್ಲಿ ಪುಕ್ಕಟೆ ಸಿಗುವ ಸೊಪ್ಪು, ಒಂದು ಹಿಡಿ ಹುರುಳಿ ಇಲ್ಲವೆ ಅವರೆಕಾಳು, ಹುಣಸೆಹಣ್ಣು, ಉಪ್ಪು, ಒರಳಲ್ಲಿ ಅರೆದ ಮೆಣಸಿನಕಾಯಿ. ಅಷ್ಟು ಸಾಕು. ಅದೂ ಇಲ್ಲದ ದಿನ ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿಯ ಉಂಡೆಯೇ ಸಾರಿನ ಸ್ಥಾನ ತುಂಬುತ್ತಿತ್ತು. ಇದರಲ್ಲಿ ಇನ್ನೊಂದು ಲಾಭವೂ ಇತ್ತು. ಹಸಿಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಹೇರಳ. ರಾಗಿ, ಸೊಪ್ಪುಗಳ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ. ಹಂಗೇರಿಯ ವಿಜ್ಞಾನಿ ಸೆಂಟ್ ಗ್ಯಾರ್ಗಿ 1930ರ ದಶಕದಲ್ಲಿ ಈ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ತನ್ನ ಊರಿನ ಮೆಣಸಿನಕಾಯಿಗಳಿಂದಲೇ. 1937ರಲ್ಲಿ ಅವನಿಗೆ ನೊಬೆಲ್ ಬಂತು.

ಅಪ್ಪಟ ಕೋಲಾರದ ಊಟ ಎಂದು ಹೆಮ್ಮೆಪಡುವ ಈ ತಟ್ಟೆಯನ್ನು ಒಮ್ಮೆ ನೋಡಿ. ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಬಂದದ್ದು. ಹುಣಸೆಯ ಮೂಲವೂ ಆಫ್ರಿಕವೇ. ಅರಬ್ ವ್ಯಾಪಾರಿಗಳು ಅದನ್ನು ತಮರ್-ಎ-ಹಿಂದಿ, ಹಿಂದೂಸ್ತಾನದ ಖರ್ಜೂರ ಎಂದು ಕರೆದು ನಮ್ಮ ಖಾತೆಗೆ ಬರೆದುಬಿಟ್ಟರು. ಮೆಣಸಿನಕಾಯಿ ಅಮೆರಿಕದ್ದು. ಟೊಮೆಟೊ ಕೂಡ ಅಲ್ಲಿಯದೇ, ಅದು ನಮ್ಮ ಅಡುಗೆಗೆ ಬಂದದ್ದು ಇನ್ನೂ ತಡವಾಗಿ, ಬ್ರಿಟಿಷರ ಕಾಲದಲ್ಲಿ. ಇಂದು ಅದೇ ಟೊಮೆಟೊದಿಂದ ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದೆನಿಸಿದೆ. ಯಾವ ಅಡುಗೆ ನಮ್ಮದು, ಯಾವುದು ಹೊರಗಿನವರದ್ದು ಎಂದು ಜಗಳ ತೆಗೆಯುವವರು ಜಗಳಕ್ಕೆ ಮುಂಚೆ ಏನು ಉಂಡು ಬಂದಿದ್ದಾರೆ ಎಂದು ಕೇಳಬೇಕೆನಿಸುತ್ತದೆ.

ಹೀಗೆಯೇ ಖಾರ ಕಲಿತ ಇನ್ನೊಂದು ದೇಶವೂ ಇದೆ. ಕೊರಿಯದವರ ಕಿಮ್ಚಿ ಎಂಬ ಉಪ್ಪಿನಕಾಯಿಯ ಕೆಂಪು ಬಣ್ಣ ನೋಡಿದರೆ ಅವರು ಹುಟ್ಟುಖಾರದವರು ಎನಿಸುತ್ತದೆ. ಆದರೆ ಅಲ್ಲಿಗೂ ಮೆಣಸಿನಕಾಯಿ ಬಂದದ್ದು 1592ರಿಂದ 1598ರವರೆಗೆ ಜಪಾನು ನಡೆಸಿದ ದಂಡಯಾತ್ರೆಯ ಆಸುಪಾಸಿನಲ್ಲಿ ಎಂಬುದು ಹೆಚ್ಚಿನ ಚರಿತ್ರಕಾರರ ಮತ. 1614ರಲ್ಲಿ ಯಿ ಸುಗ್ವಾಂಗ್ ಎಂಬ ವಿದ್ವಾಂಸ ಅದನ್ನು ಜಪಾನಿನ ಸಾಸಿವೆ ಎಂಬ ಅರ್ಥದ ಹೆಸರಿನಿಂದ ದಾಖಲಿಸಿದ. ನಾವು ಮೆಣಸಿನ ಹೆಸರಿಟ್ಟೆವು, ಅವರು ಸಾಸಿವೆಯ ಹೆಸರಿಟ್ಟರು. ಕಿಮ್ಚಿಗೆ ಮೆಣಸಿನಕಾಯಿ ಹಾಕುವ ವಿಧಾನ ಪುಸ್ತಕದಲ್ಲಿ ಕಾಣಿಸಿಕೊಂಡದ್ದು 1766ರಲ್ಲಿ, ಸುಮಾರು ಒಂದೂವರೆ ಶತಮಾನದ ಬಳಿಕ. ಕರಿಮೆಣಸು ಅಲ್ಲಿಯೂ ಸಮುದ್ರ ದಾಟಿ ಬರುವ ದುಬಾರಿ ಸರಕು. ಉಪ್ಪು ಸಾಲದ ಕಾಲದಲ್ಲಿ ತರಕಾರಿ ಕೆಡದಂತೆ ಇಡಲು ಮೆಣಸಿನಪುಡಿ ಕೈಹಿಡಿಯಿತು ಎಂದು ಹಲವರು ವಿವರಿಸುತ್ತಾರೆ. ಅಲ್ಲಿಯೂ ಇಲ್ಲಿಯೂ ಗ್ರಂಥ ಬರೆಯುವವರ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಉಳುವವರ ಮನೆಯಲ್ಲಿ ಹಳೆಯದಾಗಿತ್ತು ಎಂದೇ ನನಗನಿಸುತ್ತದೆ.

ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಹಾಡು ಬಳಕೆಯಲ್ಲಿದೆ. ಆಹಾರ ಚರಿತ್ರಕಾರ ಕೆ.ಟಿ. ಅಚ್ಚಯ ಅದನ್ನು ಉಲ್ಲೇಖಿಸಿದ್ದಾರೆ. ದಾಸರು ತೀರಿಕೊಂಡದ್ದು 1564ರಲ್ಲಿ. ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಕಾಲನಿರ್ಣಯಕ್ಕೆ ಬಳಸುವುದು ಅಪಾಯ. ಆದರೂ ಅದು ಮೆಣಸಿನಕಾಯಿಯನ್ನು ಬಡವರಿಗೆ ಒದಗುವ ವಸ್ತುವೆಂದು ಹೊಗಳುವುದು ಗಮನಾರ್ಹ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬೇತಮಂಗಲ, ಮಾಲೂರು ಬಳಿಯ ಟೇಕಲ್, ಕೋಲಾರಗಳನ್ನು ಹಾದು ಹೋದ. ಮೈಸೂರು ಸೀಮೆಯ ಬೆಳೆಗಳ ನಡುವೆ ಮೆಣಸಿನಕಾಯಿಯನ್ನೂ ಅವನು ಬರೆದುಕೊಂಡ. ಆ ಹೊತ್ತಿಗೆ ಅದು ಪರದೇಶಿ ಎಂಬುದನ್ನು ಇಲ್ಲಿನವರು ಮರೆತೇಬಿಟ್ಟಿದ್ದರು.

ಪೂರ್ತಿ ಮರೆತರು ಎನ್ನುವಂತೆಯೂ ಇಲ್ಲ. ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ ನಿಷಿದ್ಧ, ಕರಿಮೆಣಸೇ ಆಗಬೇಕು. ಪುರಿ ಜಗನ್ನಾಥನ ಪ್ರಸಾದಕ್ಕೂ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಸೇರುವುದಿಲ್ಲ. ಬಾಣಂತಿಗೆ ಮೆಣಸಿನ ಸಾರು ಕೊಡುವುದು ಹಿಂದೂ ಮನೆಗಳಲ್ಲೂ ಮುಸ್ಲಿಂ ಮನೆಗಳಲ್ಲೂ ಇರುವ ಪದ್ಧತಿ. ಇವೆಲ್ಲ 500 ವರ್ಷದ ಹಿಂದಿನ ಅಡುಗೆಮನೆಯ ಉಳಿಕೆಗಳು. ಅದೇ ಮನೆಗಳಲ್ಲಿ ಮಗುವಿಗೆ ದೃಷ್ಟಿಯಾದರೆ, ನಜರ್ ತಗುಲಿದರೆ, ನಿವಾಳಿಸಿ ಒಲೆಗೆ ಹಾಕುವುದು ಮಾತ್ರ ಕೆಂಪು ಮೆಣಸಿನಕಾಯಿಯನ್ನೇ. ಪಿತೃಗಳ ಎಲೆಗೆ ಸೇರದ ಪರದೇಶಿಗೆ ಮಕ್ಕಳನ್ನು ಕಾಯುವ ಕೆಲಸ ಸಿಕ್ಕಿದೆ!

ಈಗ ಮಾಲೂರು, ಕೋಲಾರದ ಹೊಲಗಳಲ್ಲಿ ಹಸಿಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ ಹನಿ ನೀರಾವರಿಯಲ್ಲಿ ಬೆಳೆಯುತ್ತವೆ. ನೀರು ಸಾವಿರ ಅಡಿಗೂ ಆಳದ ಕೊಳವೆಬಾವಿಯಿಂದ ಬರಬೇಕು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆಲವು ಕೆರೆಗಳಿಗೆ ಬರುತ್ತಿದೆ. ಬಿತ್ತುವುದು ಹೆಚ್ಚಾಗಿ ಕಂಪನಿಯ ಹೈಬ್ರಿಡ್ ಬೀಜ. ಅದರ ಕಾಯಿಯಿಂದ ತೆಗೆದ ಬೀಜ ಮುಂದಿನ ವರ್ಷ ಅದೇ ಫಸಲು ಕೊಡುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಸಾರಿನ ಪುಡಿಗೆ ಬಣ್ಣಕ್ಕೆಂದು ಬ್ಯಾಡಗಿ, ಖಾರಕ್ಕೆಂದು ಗುಂಟೂರು ಕಾಯಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಮನೆಯ ಕಾಯಿ ಒಡೆದು ಬೀಜ ತೆಗೆದಿಟ್ಟುಕೊಳ್ಳುವ ಹೆಂಗಸರು ಇನ್ನೂ ಅಲ್ಲಲ್ಲಿ ಇದ್ದಾರೆ, ಹಿತ್ತಲು ಉಳಿದಿರುವ ಕಡೆ.