ಕೆಂಪು ಬಟನ್ ಒತ್ತಿದರೆ ಆ ಕಡೆ ಫೋನ್ ಎತ್ತೋರು ಯಾರು?

ಉಗಾರ ಖುರ್ದದ ವೀಕ್ಷಕರೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ಕಳಿಸಿದ್ದರು. ಕಾರು ತಗೊಂಡು ಮೂರು ವರ್ಷ ಆಗಿದೆ. ತಲೆ ಮೇಲಿನ ಲೈಟಿನ ಹತ್ತಿರ ಎಸ್‌ಒಎಸ್ ಅಂತ ಬರೆದ ಕೆಂಪು ಬಟನ್ ಇದೆ. ಇಷ್ಟು ದಿನ ಅದು ಫ್ರೀ. ಈಗ ಚಂದಾ ಮುಗಿದಿದೆ, ದುಡ್ಡು ಕಟ್ಟಿ ಮುಂದುವರಿಸಿ ಅಂತ ಕಂಪನಿಯಿಂದ ಮೆಸೇಜ್ ಬಂದಿದೆ. ‘ಕಟ್ಟಬೇಕೇನ್ರೀ, ಬ್ಯಾಡೇನ್ರೀ? ಮೂರು ವರ್ಷದಾಗ ಒಮ್ಮೆನೂ ಒತ್ತಿಲ್ಲ’ ಅಂತ ಅವರ ಪ್ರಶ್ನೆ.

ಒಮ್ಮೆನೂ ಒತ್ತಿಲ್ಲ ಅನ್ನೋದು ಕಟ್ಟಬಾರದು ಅನ್ನೋದಕ್ಕೆ ಕಾರಣ ಆಗಲ್ಲ. ಹಾಗೆ ನೋಡಿದರೆ ಸ್ಟೆಪ್ನಿ ಚಕ್ರವನ್ನೂ ಮಾರಿಬಿಡಬೇಕಾಗುತ್ತದೆ. ನಿಜವಾದ ಪ್ರಶ್ನೆ ಬೇರೆ ಇದೆ. ಒತ್ತಬೇಕಾದ ದಿನ ಒತ್ತಿದರೆ ಏನಾಗುತ್ತದೆ? ಕರೆ ಎಲ್ಲಿಗೆ ಹೋಗುತ್ತದೆ, ಯಾವ ತಂತಿಯ ಮೇಲೆ, ಎತ್ತುವವರು ಯಾರು? ಇದಕ್ಕೆ ಷೋರೂಮಿನ ಹುಡುಗರ ಹತ್ತಿರ ಉತ್ತರ ಸಿಗೋದಿಲ್ಲ. ಈ ಬಟನ್ ಹುಟ್ಟಿದ ಕಥೆಯಲ್ಲಿ ಸಿಗುತ್ತದೆ.

ಕಾರಿನಿಂದಲೇ ಸಹಾಯ ಕರೆಯುವ ಯೋಚನೆ ಹಳೆಯದು. ಅಮೆರಿಕದ ಜನರಲ್ ಮೋಟಾರ್ಸ್ 1966ರಲ್ಲೇ ‘ಡೇರ್’ ಎಂಬ ಪ್ರಯೋಗ ಮಾಡಿತ್ತು. ಕಾರಿನಲ್ಲಿ ರೇಡಿಯೋ, ರಸ್ತೆಯೊಳಗೆ ಅಯಸ್ಕಾಂತ, ದೂರದಲ್ಲೊಂದು ಸಹಾಯ ಕೇಂದ್ರ. ಅದು ಪ್ರಯೋಗವಾಗಿಯೇ ಉಳಿಯಿತು. ಸ್ಥಳ ಹೇಳಲು ಉಪಗ್ರಹ ಬೇಕಿತ್ತು, ಮಾತಾಡಲು ಮೊಬೈಲ್ ಜಾಲ ಬೇಕಿತ್ತು. ಎರಡೂ ಕೂಡಿ ಬಂದಿದ್ದು ಮೂವತ್ತು ವರ್ಷದ ಮೇಲೆ. 1996ರಲ್ಲಿ ಫೋರ್ಡ್ ತನ್ನ ದುಬಾರಿ ಲಿಂಕನ್ ಕಾರಿನಲ್ಲಿ ಇಂಥದ್ದೊಂದು ಸೌಲಭ್ಯ ಇಟ್ಟಿತು. ಅದೇ ವರ್ಷದ ಫೆಬ್ರುವರಿಯಲ್ಲಿ, ಷಿಕಾಗೋ ವಾಹನ ಮೇಳದಲ್ಲಿ, ಜನರಲ್ ಮೋಟಾರ್ಸ್ ‘ಆನ್‌ಸ್ಟಾರ್’ ಘೋಷಿಸಿತು. ಕಾರು ಮಾಡೋದು ಗೊತ್ತಿದ್ದವರು ಅವರು. ಉಪಗ್ರಹದ ವಿದ್ಯೆ ಅವರದೇ ಗುಂಪಿನ ಹ್ಯೂಸ್ ಕಂಪನಿಯದು. ಕಂಪ್ಯೂಟರ್ ಮತ್ತು ಕಾಲ್ ಸೆಂಟರ್ ವಿದ್ಯೆ ಇಡಿಎಸ್ ಕಂಪನಿಯದು. ಇಂದು ನಮ್ಮ ಕಾರುಗಳಲ್ಲಿರುವ ಕೆಂಪು ಬಟನ್‌ಗಳೆಲ್ಲ ಹೆಚ್ಚು ಕಡಿಮೆ ಇದೇ ವಂಶದವು.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಒಂದು ನಿಮಿಷ ಇದರ ಹೊಟ್ಟೆಯೊಳಗೆ ಏನಿದೆ ಅಂತ ಹೇಳಿಬಿಡ್ತೀನಿ. ಡಿಕ್ಕಿಯ ಹೊಡೆತವನ್ನು ಏರ್‌ಬ್ಯಾಗಿನ ಸೆನ್ಸರ್ ಗುರುತಿಸುತ್ತದೆ. ಅದೇ ಸಂಕೇತ ಇನ್ನೊಂದು ಪೆಟ್ಟಿಗೆಗೂ ಹೋಗುತ್ತದೆ. ಆ ಪೆಟ್ಟಿಗೆಯಲ್ಲಿ ಸಿಮ್ ಇದೆ, ಜಿಪಿಎಸ್ ಇದೆ. ಕಾರಿನ ಬ್ಯಾಟರಿ ಹೋದರೂ ಕೆಲಸ ಮಾಡಲೆಂದು ಎಷ್ಟೋ ಕಾರುಗಳಲ್ಲಿ ಅದಕ್ಕೇ ಒಂದು ಚಿಕ್ಕ ಬ್ಯಾಟರಿಯೂ ಇರುತ್ತದೆ. ಒಳಗಿದ್ದವರಿಗೆ ಪ್ರಜ್ಞೆ ಇರಲಿ ಬಿಡಲಿ, ಪೆಟ್ಟಿಗೆ ತಾನೇ ಕರೆ ಮಾಡಿ ಕಾರು ಎಲ್ಲಿದೆ ಎಂದು ತಿಳಿಸುತ್ತದೆ. ಚಂದಾ ಕಟ್ಟಲು ಯೋಗ್ಯವಾದದ್ದು ಯಾವುದಾದರೂ ಇದ್ದರೆ ಇದೊಂದೇ. ಎಸಿಯನ್ನು ಮನೆಯಿಂದಲೇ ಹಾಕೋದು, ಹಾಡು ಕೇಳಿಸೋದು ಎಲ್ಲ ಉಪ್ಪಿನಕಾಯಿ. ತಮಾಷೆ ಏನಂದರೆ, ಅಮೆರಿಕದಲ್ಲೂ ಅಪಘಾತದ ಕರೆಗಳಿಗಿಂತ ಹೆಚ್ಚು ಬರುತ್ತಿದ್ದದ್ದು ಕೀ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡವರ ಕರೆಗಳು!

ಈಗ ಕಥೆಯ ತಿರುವು. ಆನ್‌ಸ್ಟಾರ್‌ನ ಮೊದಲ ಕಾರುಗಳೆಲ್ಲ ಹಳೆಯ ಅನಲಾಗ್ ಮೊಬೈಲ್ ಜಾಲದ ಮೇಲೆ ನಡೆಯುತ್ತಿದ್ದವು. ಆ ಜಾಲವನ್ನು 2008ರ ಫೆಬ್ರುವರಿ 18ರ ತನಕ ಮಾತ್ರ ನಡೆಸಿದರೆ ಸಾಕು ಎಂದು ಅಮೆರಿಕ ಸರ್ಕಾರ ಮೊಬೈಲ್ ಕಂಪನಿಗಳಿಗೆ ಹೇಳಿತು. ಆ ವರ್ಷದ ಆರಂಭದಲ್ಲೇ ಆನ್‌ಸ್ಟಾರ್ ತನ್ನ ಅನಲಾಗ್ ಸೇವೆ ನಿಲ್ಲಿಸಿತು. ಕಾರು ಚೆನ್ನಾಗಿದೆ, ಎಂಜಿನ್ ಓಡುತ್ತಿದೆ, ಚಂದಾ ಕಟ್ಟಲು ಮಾಲೀಕ ತಯಾರಿದ್ದಾನೆ. ಆದರೆ ಬಟನ್ ಸತ್ತಿದೆ. ಎಷ್ಟೋ ಕಾರುಗಳಿಗೆ ಹೊಸ ಪೆಟ್ಟಿಗೆ ಹಾಕಿಸಿಕೊಳ್ಳುವ ದಾರಿಯೂ ಇರಲಿಲ್ಲ. 2022ರಲ್ಲಿ ಅಲ್ಲಿ 3ಜಿ ಮುಚ್ಚಿದಾಗ ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ ಇದೇ ಕಥೆ ಮತ್ತೊಮ್ಮೆ ನಡೆಯಿತು.

ಕಾರಿನ ಆಯುಸ್ಸು ಹದಿನೈದು ವರ್ಷ. ಮೊಬೈಲ್ ಜಾಲದ ಒಂದು ತಲೆಮಾರಿನ ಆಯುಸ್ಸು ಅಷ್ಟಿರುತ್ತದೆ ಎಂಬ ಗ್ಯಾರಂಟಿ ಯಾರೂ ಕೊಡೋದಿಲ್ಲ. ನಮ್ಮಲ್ಲೇ ಏರ್‌ಟೆಲ್ 2019ರಲ್ಲಿ ಒಂದೊಂದೇ ವಲಯದಲ್ಲಿ 3ಜಿ ಮುಚ್ಚತೊಡಗಿತು. ನೀವು ಫೋನ್ ಬದಲಿಸಿದಿರಿ, ಮುಗೀತು. ಕಾರಿನೊಳಗೆ ಬೆಸುಗೆ ಹಾಕಿ ಕೂರಿಸಿದ ಸಿಮ್ ಬದಲಿಸೋದು ಹೇಗೆ?

ಯುರೋಪಿನವರು ಬೇರೆ ದಾರಿ ಹಿಡಿದರು. ಜೀವ ಉಳಿಸುವ ಕರೆಗೆ ಚಂದಾ ಯಾಕೆ ಅಂತ ಅವರ ತರ್ಕ. 2018ರ ಮಾರ್ಚ್ 31ರಿಂದ ಅಲ್ಲಿ ಹೊಸ ಮಾದರಿಯ ಕಾರುಗಳಿಗೆಲ್ಲ ‘ಇ-ಕಾಲ್’ ಕಡ್ಡಾಯ. ಡಿಕ್ಕಿಯಾದರೆ ಕಾರು ನೇರವಾಗಿ 112ಕ್ಕೆ ಕರೆ ಮಾಡುತ್ತದೆ, ಬಿಟ್ಟಿಯಾಗಿ. ಅದು ಕಳಿಸುವ ಮಾಹಿತಿ ಬರೀ 140 ಬೈಟ್. ಕಾರು ಎಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತಿತ್ತು, ಯಾವ ಇಂಧನ, ಎಷ್ಟು ಗಂಟೆಗೆ. ನಾವು ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಶುಭೋದಯದ ಚಿತ್ರ ಇದರ ಎಷ್ಟು ಸಾವಿರ ಪಟ್ಟು ದೊಡ್ಡದೋ! ಅಪಘಾತ ಆಗುವ ತನಕ ಆ ಸಿಮ್ ಮಲಗಿಯೇ ಇರುತ್ತದೆ, ಯಾರ ಹಿಂದೆಯೂ ಬೀಳೋದಿಲ್ಲ. ಹಳ್ಳಿಗಾಡಿನಲ್ಲಿ ನೆರವು ತಲುಪುವ ಸಮಯ ಇದರಿಂದ ಅರ್ಧಕ್ಕೆ ಇಳಿಯಬಹುದು ಅಂತ ಯುರೋಪಿನ ಆಯೋಗದ ಅಂದಾಜು. ಆದರೆ ಅಲ್ಲೂ ತೊಡಕು ತಪ್ಪಿಲ್ಲ. ಮೊದಲ ಇ-ಕಾಲ್ ಪೆಟ್ಟಿಗೆಗಳು 2ಜಿ, 3ಜಿ ನಂಬಿದವು. ಆ ಜಾಲಗಳನ್ನು ಯುರೋಪೂ ಮುಚ್ಚುತ್ತಿದೆ.

ಇನ್ನು ನಮ್ಮ ಕಥೆ. ನಮ್ಮ ದೇಶದಲ್ಲಿ ಕಾರಿನ ಬಟನ್‌ಗಿಂತ ಮೊದಲು ಬಂದಿದ್ದು ಆ್ಯಂಬುಲೆನ್ಸ್, ಅದು ಒಳ್ಳೆಯ ಕ್ರಮವೇ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಶುರುವಾಯ್ತು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದಿದ್ದು 2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಎರಡೇ ತಿಂಗಳು ಕಳೆದಿತ್ತು. 2009ರ ಜನವರಿ 7ರಂದು ಇದರ ಹಿಂದಿದ್ದ ಸತ್ಯಂ ಕಂಪನಿಯ ರಾಮಲಿಂಗ ರಾಜು ಲೆಕ್ಕದ ಹಗರಣ ಒಪ್ಪಿಕೊಂಡರು. ಆಮೇಲೆ ಜಿವಿಕೆ ಕೈ ಹಿಡಿಯಿತು, ಸೇವೆ ನಿಲ್ಲಲಿಲ್ಲ. ಹಾಗಂತ 108 ಯಾವಾಗಲೂ ಎತ್ತುತ್ತದೆ ಅಂತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ರಾಜ್ಯದ 108 ಸಹಾಯವಾಣಿಯೇ ಕೈಕೊಟ್ಟಿತ್ತು. ಸುದ್ದಿಮನೆಯಲ್ಲಿದ್ದವರಿಗೆ ಆ ದಿನಗಳು ನೆನಪಿವೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. 2013ರಲ್ಲಿ ಫೋರ್ಡ್ ಎಕೋಸ್ಪೋರ್ಟ್ ನಮ್ಮಲ್ಲಿ ಬಂದಾಗ ಅದರಲ್ಲಿ ಒಂದು ಸೌಲಭ್ಯ ಇತ್ತು. ಏರ್‌ಬ್ಯಾಗ್ ತೆರೆದುಕೊಂಡರೆ, ಬ್ಲೂಟೂತ್‌ನಲ್ಲಿ ಜೋಡಿಸಿದ ನಿಮ್ಮದೇ ಫೋನಿನಿಂದ ಕಾರು 108ಕ್ಕೆ ಕರೆ ಮಾಡುತ್ತಿತ್ತು. ಚಂದಾ ಇಲ್ಲ, ಬೇರೆ ಸಿಮ್ ಇಲ್ಲ, ನಡುವೆ ಕಂಪನಿಯ ಕಾಲ್ ಸೆಂಟರ್ ಇಲ್ಲ. ಎಂಟೇ ವರ್ಷದಲ್ಲಿ, 2021ರ ಸೆಪ್ಟೆಂಬರ್‌ನಲ್ಲಿ, ಫೋರ್ಡ್ ಇಲ್ಲಿ ಕಾರು ತಯಾರಿಸೋದನ್ನು ನಿಲ್ಲಿಸುವುದಾಗಿ ಘೋಷಿಸಿತು. ಆ ಒಳ್ಳೆಯ ಯೋಚನೆ ನಮ್ಮಲ್ಲಿ ರೂಢಿಯಾಗಲೇ ಇಲ್ಲ.

ರೂಢಿಯಾಗಿದ್ದು 2019ರ ಮಾದರಿ. ಆ ವರ್ಷ ಹುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಸಾಲಾಗಿ ಬಂದವು, ಒಳಗೇ ಸಿಮ್ ಇಟ್ಟುಕೊಂಡು. ಹೆಕ್ಟರ್ ತಯಾರಾದದ್ದು ಗುಜರಾತಿನ ಹಾಲೋಲ್‌ನಲ್ಲಿ, ಜನರಲ್ ಮೋಟಾರ್ಸ್ ಬಿಟ್ಟುಹೋದ ಅದೇ ಕಾರ್ಖಾನೆಯಲ್ಲಿ. ಈ ಕಾರುಗಳ ಎಸ್‌ಒಎಸ್ ಕರೆ ಮೊದಲು ಹೋಗೋದು ಕಂಪನಿಯ ಕಾಲ್ ಸೆಂಟರಿಗೆ. ಅಲ್ಲಿನವರು ನಿಮ್ಮ ಪರವಾಗಿ 112ಕ್ಕೋ 108ಕ್ಕೋ ತಿಳಿಸಬೇಕು. ನೀವು ದುಡ್ಡು ಕೊಡೋದು ಆ್ಯಂಬುಲೆನ್ಸಿಗಲ್ಲ, ಆ್ಯಂಬುಲೆನ್ಸ್ ಕರೆಯುವ ಒಬ್ಬ ಮಧ್ಯಸ್ಥನಿಗೆ. ಇದೇ 2019ರ ಜನವರಿ 1ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯವಾಯ್ತು. ಖಾಸಗಿ ಕಾರನ್ನು ಅದರಲ್ಲಿ ಸೇರಿಸಲಿಲ್ಲ.

ಈ ಮಧ್ಯಸ್ಥ ಉಗಾರದಲ್ಲಿ ಎಷ್ಟು ಉಪಯೋಗಕ್ಕೆ ಬರ್ತಾನೆ? ಊರಿನ ನಕ್ಷೆ ನೋಡಿ. 1939ರಲ್ಲಿ ಶುರುವಾದ ಉಗಾರ ಶುಗರ್ಸ್ ಒಂದು ಕಡೆ, ಕೃಷ್ಣಾ ನದಿ ಇನ್ನೊಂದು ಕಡೆ. ಹೊಳೆ ದಾಟಿದರೆ ಕುಡಚಿ. ಆ ಸೇತುವೆ ಮಹಾಪೂರದಲ್ಲಿ ಮುಳುಗುತ್ತದೆ, 2019ರ ಆಗಸ್ಟ್ ಯಾರೂ ಮರೆತಿಲ್ಲ. ಉತ್ತರಕ್ಕೆ ಹೋದರೆ ಕಾಗವಾಡ, ಅದನ್ನು ದಾಟಿದರೆ ಮ್ಹೈಸಾಳ, ಅಷ್ಟೊತ್ತಿಗೆ ಮಹಾರಾಷ್ಟ್ರ. ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರ್ ಆಸುಪಾಸು, ಮಿರಜ್ ಅದರ ಮೂರನೇ ಒಂದು ಪಾಲು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಮಿಷನ್ ಆಸ್ಪತ್ರೆ ತೆರೆದಾಗಿನಿಂದ ಈ ಭಾಗದ ಕನ್ನಡಿಗರಿಗೆ ದೊಡ್ಡ ದವಾಖಾನೆ ಅಂದರೆ ಮಿರಜೇ. ಅಥಣಿ, ಕಾಗವಾಡದ ಯಾವ ಮನೆಯಲ್ಲಿ ಕೇಳಿದರೂ ಹೇಳ್ತಾರೆ.

ಇಂಥ ಕಡೆ ಮೊಬೈಲಿಗೆ ಗಡಿ ಕಾಣೋದಿಲ್ಲ. ಒಂದು ಕ್ಷಣ ಕರ್ನಾಟಕದ ಟವರ್, ಇನ್ನೊಂದು ಕ್ಷಣ ಮಹಾರಾಷ್ಟ್ರದ್ದು. ತುರ್ತು ಸಂಖ್ಯೆಯ ಕರೆ ಹೋಗೋದು ಟವರ್ ನೋಡಿ, ನಿಮ್ಮ ಮತದಾರರ ಚೀಟಿ ನೋಡಿ ಅಲ್ಲ. ಮಹಾರಾಷ್ಟ್ರದ ಟವರ್ ಹಿಡಿದರೆ 108 ಅಂದಾಗ ಮಾತಾಡೋದು ಪುಣೆ, ಅದೂ ಮರಾಠಿಯಲ್ಲಿ. ಗಡಿಯ ಜನ ಎರಡೂ ಭಾಷೆ ಬಲ್ಲವರು, ಆ ಮಾತು ಬೇರೆ. ಆದರೆ ಬೆಂಗಳೂರಿನಿಂದ ಬಂದ ಅಳಿಯ ಆ ಹೊತ್ತಿನಲ್ಲಿ ಏನು ಹೇಳ್ತಾನೆ? ಇಲ್ಲೊಂದು ಕಡೆ ಕಂಪನಿಯ ಕಾಲ್ ಸೆಂಟರಿಗೆ ಅಂಕ ಕೊಡಬೇಕು. ಅವರ ಪರದೆಯ ಮೇಲೆ ಕಾರಿರುವ ಜಾಗ ಕಾಣುತ್ತದೆ, ಟವರ್ ಯಾವ ರಾಜ್ಯದ್ದಾದರೂ ಸರಿ. ಆದರೆ ಮಿರಜಿಗೋ ಬೆಳಗಾವಿಗೋ, ಸೇತುವೆ ತೆರೆದಿದೆಯೋ ಮುಚ್ಚಿದೆಯೋ, ಇದು ಆ ಪರದೆಗೆ ಗೊತ್ತಿರೋದಿಲ್ಲ. ಕಾರ್ಖಾನೆ ಗೇಟಿನ ಮುಂದಿನ ಚಹಾದ ಅಂಗಡಿಯವನಿಗೆ ಗೊತ್ತಿರುತ್ತದೆ.

ಗೊತ್ತಿದ್ದರೂ ಆ ಅಂಗಡಿಯವನು ಗಾಯಾಳುವನ್ನು ಎತ್ತಿಕೊಳ್ಳಲು ಹಿಂದೆ ಹೆದರುತ್ತಿದ್ದ. ಪೊಲೀಸು, ಕೋರ್ಟು ಯಾರಿಗೆ ಬೇಕು ಅಂತ. ಆ ಭಯಕ್ಕೆ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಮದ್ದು ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮು ಅದನ್ನು ಕಾನೂನೇ ಮಾಡಿತು. ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಅಂತ ಒತ್ತಾಯ ಮಾಡುವಂತಿಲ್ಲ. ಚಿಕಿತ್ಸೆಯ ದುಡ್ಡಿನ ಭಯಕ್ಕೂ ಉತ್ತರ ಬಂದಿದೆ. 2025ರ ಮೇ 5ರಂದು ಕೇಂದ್ರ ಅಧಿಸೂಚನೆ ಹೊರಡಿಸಿದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದ ತನಕ, ಒಂದೂವರೆ ಲಕ್ಷ ರೂಪಾಯಿವರೆಗೆ, ನಗದಿಲ್ಲದ ಚಿಕಿತ್ಸೆ ಇದೆ. ಯಾವ ಕಾರಿನ ಚಂದಾದಲ್ಲೂ ಇದು ಸೇರಿಲ್ಲ, ಸೇರಬೇಕಾಗಿಯೂ ಇಲ್ಲ.

ಚಂದಾದಾರನ ಮಾಹಿತಿ ಯಾರ ಕೈ ಸೇರುತ್ತದೆ ಅನ್ನೋದೂ ಲೆಕ್ಕಕ್ಕೆ ಬರಬೇಕು. 2025ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗ ಜನರಲ್ ಮೋಟಾರ್ಸ್ ಮತ್ತು ಆನ್‌ಸ್ಟಾರ್ ಮೇಲೆ ಕ್ರಮ ಕೈಗೊಂಡಿತು. ಕಾರು ಎಲ್ಲಿ ಹೋಗುತ್ತಿದೆ ಅಂತ ಮೂರು ಸೆಕೆಂಡಿಗೊಮ್ಮೆ ತನಕ ಗುರುತು ಹಾಕಿಕೊಂಡು, ಸರಿಯಾದ ಒಪ್ಪಿಗೆ ಇಲ್ಲದೆ ಮಾಹಿತಿ ಮಾರಿದ್ದಾರೆ ಅಂತ ಆರೋಪ. ಜೀವ ಕಾಯಲಿ ಅಂತ ಇಟ್ಟ ಪೆಟ್ಟಿಗೆ ಚಾಡಿ ಹೇಳುತ್ತಿತ್ತು!

ಹಾಗಾದರೆ ಉಗಾರದ ಅಣ್ಣಾವ್ರು ಕಟ್ಟಬೇಕೋ ಬೇಡವೋ? ನನ್ನ ಲೆಕ್ಕ ಹೀಗಿದೆ. ದಿನಾ ಊರು, ಹೊಲ, ಕಾರ್ಖಾನೆ, ಕಾಗವಾಡ ಅಂತ ಓಡಾಡುವವರಿಗೆ ಅದರ ಅಗತ್ಯ ಕಡಿಮೆ. ಅಪಘಾತ ಆದರೆ ಆ ರಸ್ತೆಯಲ್ಲಿ ಜನ ಇರ್ತಾರೆ. ರಾತ್ರಿ ಒಬ್ಬರೇ ನಿಪ್ಪಾಣಿ ಕಡೆಯಿಂದ ಹೆದ್ದಾರಿ ಹಿಡಿದು ಪುಣೆಗೋ ಬೆಂಗಳೂರಿಗೋ ಹೋಗೋರಿಗೆ, ವಯಸ್ಸಾದ ತಂದೆ ತಾಯಿ ತಾವೇ ಕಾರು ಓಡಿಸುವ ಮನೆಗೆ, ಅದು ಬೇಕು. ಆದರೆ ಕಟ್ಟುವ ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿ. ಡಿಕ್ಕಿಯಾದರೆ ತಾನೇ ಕರೆ ಹೋಗುತ್ತದೋ, ನಾನೇ ಒತ್ತಬೇಕೋ? ಎತ್ತುವವರಿಗೆ ಕನ್ನಡ ಬರುತ್ತದೋ? ಒಳಗಿರುವ ಸಿಮ್ ಯಾವ ಕಂಪನಿಯದು, ಅದರ ಸಿಗ್ನಲ್ ನನ್ನ ದಾರಿಯಲ್ಲಿ ಇದೆಯೋ? ಆ ಜಾಲ ಮುಚ್ಚಿದರೆ ಪೆಟ್ಟಿಗೆ ಬದಲಿಸಿ ಕೊಡ್ತೀರೋ? ಈ ಕೊನೆಯ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಒಂದೊಂದೇ ವರ್ಷಕ್ಕೆ ಕಟ್ಟಿ, ಐದು ವರ್ಷದ ಪ್ಯಾಕೇಜು ಬೇಡ. ಮತ್ತೆ ತುರ್ತು ಸಂಪರ್ಕಕ್ಕೆ ಯಾರ ನಂಬರ್ ಕೊಟ್ಟಿದ್ದೀರಿ ಅಂತ ಇವತ್ತೇ ನೋಡಿ. ಮೂರು ವರ್ಷದ ಹಿಂದೆ ಷೋರೂಮಿನಲ್ಲಿ ಬರೆಸಿದ ನಂಬರ್ ಈಗ ಬದಲಾಗಿರಬಹುದು.

ಕಟ್ಟಿದರೂ ಕಟ್ಟದಿದ್ದರೂ ಜೇಬಿನಲ್ಲಿ ಇನ್ನೊಂದು ಬಟನ್ ಇದೆ. 2017ರ ಜನವರಿ 1ರಿಂದ ಈ ದೇಶದಲ್ಲಿ ಮಾರುವ ಪ್ರತಿ ಮೊಬೈಲಿನಲ್ಲೂ ಪ್ಯಾನಿಕ್ ಬಟನ್ ಕಡ್ಡಾಯ. ಸ್ಮಾರ್ಟ್‌ಫೋನಿನ ಪವರ್ ಬಟನ್ ಬೆನ್ನುಬೆನ್ನಿಗೆ ಒತ್ತಿದರೆ 112ಕ್ಕೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಆ 112 ಶುರುವಾಗಿದ್ದು 2019ರಲ್ಲಿ. 2022ರಲ್ಲಿ ಬಂದ ಐಫೋನ್ 14ರಂಥ ಫೋನುಗಳು ಡಿಕ್ಕಿಯನ್ನು ತಾವೇ ಗುರುತಿಸಿ ಕರೆ ಮಾಡುತ್ತವೆ, ತಿಂಗಳ ಬಾಡಿಗೆ ಇಲ್ಲದೆ. ಡಿಕ್ಕಿಯಲ್ಲಿ ಫೋನ್ ಎಗರಿ ಬಿದ್ದು ಒಡೆದರೆ ಅದೂ ಇಲ್ಲ, ನಿಜ.

ಇಷ್ಟೆಲ್ಲ ಮಾತು ಕಾರು ಇದ್ದವರದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕು, ಸ್ಕೂಟರಿನವರು. ಕಬ್ಬು ನುರಿಸುವ ಹಂಗಾಮಿನಲ್ಲಿ ಉಗಾರ, ಶೇಡಬಾಳ, ಕಾಗವಾಡದ ರಸ್ತೆಗೆ ಇಳಿದವರಿಗೆ ಆ ದೃಶ್ಯ ಹೇಳಬೇಕಾಗಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಕಬ್ಬಿನ ಗರಿಯಲ್ಲಿ ಮುಚ್ಚಿಹೋಗಿದೆ. ಹಿಂದಿನಿಂದ ಬೈಕ್ ಬರುತ್ತಿದೆ. ಆ ಬೈಕಿನಲ್ಲಿ ಎಸ್‌ಒಎಸ್ ಬಟನ್ ಇಲ್ಲ. ಒಂದು ರಿಫ್ಲೆಕ್ಟರ್ ಪಟ್ಟಿಯ ಬೆಲೆ ಕಾರಿನ ಒಂದು ವರ್ಷದ ಚಂದಾಕ್ಕೆ ಹೋಲಿಸಿದರೆ ಚಿಲ್ಲರೆ ಕಾಸು. ಈ ಹಂಗಾಮು ಶುರುವಾಗುವ ಮೊದಲು ನಿಮ್ಮ ಮನೆಯ ಟ್ರೇಲರ್ ಹಿಂದೆ ಅದು ಇದೆಯೋ ಇಲ್ಲವೋ, ಒಮ್ಮೆ ಟಾರ್ಚ್ ಬಿಟ್ಟು ನೋಡಿ.